ಅಜ್ಜಿಯ ಫೋನು ಅಜ್ಜಿಯ ಕೈಯಲ್ಲೇ ಇರಲಿ



ಹಳ್ಳಿಯ ಗ್ರಂಥಾಲಯಗಳು ‘ಅರಿವು ಕೇಂದ್ರ’ಗಳಾಗಿ, ಹಲವೆಡೆ ಕಂಪ್ಯೂಟರ್, ಇಂಟರ್ನೆಟ್ ಬಂದಿವೆ. ಸಂತೋಷ. ಆದರೆ ಅಲ್ಲಿ ಕಾಣುವವರು ಹೆಚ್ಚಾಗಿ ಮಕ್ಕಳು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು. ಪಿಂಚಣಿ ಬಂತೇ, ಗೃಹಲಕ್ಷ್ಮಿ ಯೋಜನೆಯ ಹಣ ಜಮಾ ಆಯಿತೇ ಎಂದು ತಿಳಿಯಲು ಪಕ್ಕದ ಮನೆಯ ಹುಡುಗನಿಗೆ ಫೋನು ಕೊಟ್ಟು, ಪಿನ್ ನಂಬರನ್ನೂ ಹೇಳಿಬಿಡುವ ಹಿರಿಯರು ಆ ಬಾಗಿಲು ದಾಟುವುದು ಅಪರೂಪ.

ಅವರಿಗೆ ಬೇಕಾದ್ದು ಭಾಷಣವಲ್ಲ, ಫೋನಿನಲ್ಲಿ ಹಣದ ವ್ಯವಹಾರವನ್ನು ತಾವೇ ಮಾಡಿ ಕಲಿಯುವ ಅವಕಾಶ. (ಪ್ರೊಜೆಕ್ಟರ್ ಹಾಕಿ, ಕಾಫಿ ಕೊಟ್ಟು, ಫೋಟೊ ತೆಗೆಸಿಕೊಳ್ಳುವ ತರಬೇತಿಗಳು ಸಾಕಷ್ಟಾಗಿವೆ.) ಕಲಿಯುವವರ ಫೋನು ಕಲಿಯುವವರ ಕೈಯಲ್ಲೇ ಇರಬೇಕು, ಕಲಿಸುವವರು ಅದನ್ನು ಮುಟ್ಟಲೇಬಾರದು. ಒಂದು ರೂಪಾಯಿ ತಾವೇ ಕಳಿಸಿ, ಒಂದು ರೂಪಾಯಿ ಪಡೆದು ನೋಡಿದರೆ, ಹಣ ಬರಲು ಪಿನ್ ಒತ್ತಬೇಕಿಲ್ಲ ಎಂಬುದು ಮನಸ್ಸಿನಲ್ಲಿ ಕೂರುತ್ತದೆ. ಮೋಸ ಹೋದರೆ ತಕ್ಷಣ ಕರೆ ಮಾಡಬೇಕಾದ 1930 ಸಂಖ್ಯೆಯನ್ನು ಅಲ್ಲೇ ಸೇವ್ ಮಾಡಿಸಬಹುದು.

ವಯಸ್ಸಾದವರಿಗೆ ಇದೆಲ್ಲ ಎಲ್ಲಿ ತಲೆಗೆ ಹತ್ತುತ್ತದೆ ಎನ್ನುವವರು ರಾಜಸ್ಥಾನದ ತಿಲೋನಿಯಾ ಕಡೆ ನೋಡಲಿ. 1972ರಲ್ಲಿ ಆರಂಭವಾದ ಅಲ್ಲಿನ ಬೇರ್‌ಫುಟ್ ಕಾಲೇಜಿನಲ್ಲಿ ಓದುಬರಹ ಬಾರದ ಅಜ್ಜಿಯರು ಸೌರದೀಪದ ಸರ್ಕ್ಯೂಟ್‌ಗೆ ಬೆಸುಗೆ ಹಾಕಲು ಕಲಿತಿದ್ದಾರೆ. ಆಫ್ರಿಕಾದಿಂದ ಬಂದ ಹೆಂಗಸರೂ ಭಾಷೆ ತಿಳಿಯದೆ, ಬಣ್ಣ ಮತ್ತು ಕೈಸನ್ನೆಗಳಿಂದಲೇ ಕಲಿತು ಹೋಗಿ ತಮ್ಮೂರಿಗೆ ಬೆಳಕು ಕೊಟ್ಟಿದ್ದಾರೆ.

ಗ್ರಂಥಾಲಯ ಮೇಲ್ವಿಚಾರಕರಿಗೆ ಈಗಿರುವ ಕೆಲಸವೇ ಬೇಕಾದಷ್ಟಿದೆ. ಹಾಗಾಗಿ ಕಲಿಸಲು ಊರಿನ ಕಾಲೇಜು ಹುಡುಗ ಹುಡುಗಿಯರನ್ನು ಗೌರವಧನ ಕೊಟ್ಟು ಕರೆಸಿ, ವಾರಕ್ಕೊಂದು ಸಂಜೆಯನ್ನು ಹಿರಿಯರಿಗೇ ಮೀಸಲಿಡುವಂತೆ ಪಂಚಾಯತ್ ರಾಜ್ ಇಲಾಖೆ ಆದೇಶ ಹೊರಡಿಸಲಿ.

– ನಿವೃತ್ತ ಶಿಕ್ಷಕ, ಅರಸೀಕೆರೆ