ಅವರದು ದ್ರಾಕ್ಷಾರಸ, ನಮ್ಮದು ಹೆಂಡ

ಈಚೆಗೆ ನಾನು ವೈನ್ ಕುಡಿದೆ. ಕುಡಿದೆ ಅನ್ನಬಾರದಂತೆ, 'ಸವಿದೆ' ಅನ್ನಬೇಕಂತೆ. ಹಾಗಂತ ಅಲ್ಲಿದ್ದ ಹುಡುಗ ನಗುನಗುತ್ತಾ ತಿದ್ದಿದ. ನಮ್ಮಪ್ಪ ಇಪ್ಪತ್ತು ವರ್ಷ ಸಾರಾಯಿ ಕುಡಿದ. ಅವನು ಸವಿದ ಅಂತ ಯಾರೂ ತಿದ್ದಲಿಲ್ಲ. ಕುಡುಕ ಅಂದರು, ಅಷ್ಟೇ.

ಕಾಲೇಜಿನಲ್ಲಿ ಜೊತೆಗಿದ್ದ ಮೈಸೂರಿನ ಗೆಳೆಯರು ಕಾರು ಮಾಡಿಕೊಂಡು ದ್ರಾಕ್ಷಿ ತೋಟ ನೋಡಲು ಹೊರಟಿದ್ದರು. ನಂಜನಗೂಡಿನಲ್ಲಿ ನನ್ನನ್ನು ಹತ್ತಿಸಿಕೊಂಡು ನರಸೀಪುರದ ರಸ್ತೆ ಹಿಡಿದರು. 'ನಿಮ್ಮೂರ ಕಡೇನೇ ಇದೆಯಲ್ಲ ಗುರು, ನೀನೇ ನೋಡಿಲ್ವಾ?' ಅಂದರು. ನೋಡಿದ್ದೆ, ಬೇಲಿಯ ಈಚೆಯಿಂದ. ನಮ್ಮ ಚಿಕ್ಕವ್ವ ಅಲ್ಲಿಗೇ ಕೂಲಿಗೆ ಹೋಗುತ್ತಾಳೆ. ಅದನ್ನು ಮಾತ್ರ ಕಾರಿನಲ್ಲಿ ಹೇಳಲಿಲ್ಲ. ತೋಟದ ಹೆಸರು ಇಲ್ಲಿ ಬೇಡ. ನಂದಿ ಬೆಟ್ಟದ ಬುಡಕ್ಕೆ ಹೋಗಿ, ಮಹಾರಾಷ್ಟ್ರದ ನಾಸಿಕ್‌ಗೆ ಹೋಗಿ, ಇದೇ ಪ್ರವಾಸ, ಇದೇ ಲೋಟ, ಇದೇ ಮಾತು. ಒಂದು ತೋಟವನ್ನು ಬೈದು ಮುಗಿಸುವ ಸಂಗತಿ ಇದಲ್ಲ.

ತೋಟ ಚೆನ್ನಾಗಿದೆ. ಸುಳ್ಳು ಯಾಕೆ ಹೇಳಲಿ? ತಂತಿಗೆ ಹಬ್ಬಿಸಿದ ಸಾಲು ಸಾಲು ಬಳ್ಳಿ, ಬುಡಬುಡಕ್ಕೂ ಹನಿ ನೀರಿನ ಪೈಪು. ಚಳಿ ದೇಶದಲ್ಲಿ ಬಳ್ಳಿ ಚಳಿಗಾಲವೆಲ್ಲ ಮಲಗುತ್ತದಂತೆ, ನಮ್ಮ ಕಡೆ ಮಲಗುವುದೇ ಇಲ್ಲವಂತೆ. ಅದಕ್ಕೇ ವರ್ಷಕ್ಕೆ ಎರಡು ಸಲ ಕತ್ತರಿ ಹಾಕುತ್ತಾರೆ, ಕೊಯ್ಲಾದ ಮೇಲೆ ಬೇಸಿಗೆಯಲ್ಲೊಂದು ಸಲ, ಮಳೆಗಾಲದ ಕೊನೆಗೆ ಇನ್ನೊಂದು ಸಲ. ಫೆಬ್ರವರಿ, ಮಾರ್ಚಿಗೆ ಹಣ್ಣು. ಹುಡುಗ ಶಿರಾಜ್, ಕ್ಯಾಬರ್ನೆ, ಶೆನಿನ್ ಬ್ಲಾಂಕ್ ಅಂತ ಪ್ರತಿ ಬಳ್ಳಿಯ ಕುಲವನ್ನೂ ಅದು ಫ್ರಾನ್ಸಿನಿಂದ ಬಂದದ್ದನ್ನೂ ಪುರೋಹಿತ ಗೋತ್ರ ಹೇಳಿದ ಹಾಗೆ ಹೇಳಿದ. ಸಾಲಿನ ನಡುವೆ ಬಗ್ಗಿ ಗೊಂಚಲು ಕತ್ತರಿಸುತ್ತಿದ್ದ ಹೆಂಗಸರನ್ನು ತೋರಿಸಿ 'ಲೇಬರ್ಸ್' ಅಂದು ಮುಂದೆ ನಡೆದ. ಬಳ್ಳಿಗೆ ವಂಶವಿದೆ, ಇವರಿಗೆ ಹೆಸರೂ ಇಲ್ಲ.

(ನಂಜನಗೂಡಿನ ರಸಬಾಳೆಗೂ ವಂಶವಿತ್ತು, ಭೌಗೋಳಿಕ ಗುರುತಿನ ಪತ್ರವೂ ಸಿಕ್ಕಿತು. ಸೊರಗು ರೋಗ ಬಿದ್ದು ತೋಟ ತೋಟವೇ ಅಳಿಯಿತು. ಅದನ್ನು ಸವಿಯುವ ಪ್ರವಾಸಕ್ಕೆ ಮೈಸೂರಿನಿಂದ ಯಾವ ಕಾರೂ ಬಂದದ್ದು ನಾನು ಕಾಣೆ.)

ಆ ಹೆಂಗಸರ ನಡುವೆ ಚಿಕ್ಕವ್ವ ಇದ್ದಳು. ಸೊಂಟದ ಮೇಲೆ ಕ್ರೇಟು. ನನ್ನನ್ನು ಕಂಡಳು, ಕಂಡವಳೇ ಸೆರಗು ಮುಂದಕ್ಕೆಳೆದುಕೊಂಡು ಬಳ್ಳಿಯ ಕಡೆ ತಿರುಗಿದಳು. ಓದಿದ ಮಗ ದೊಡ್ಡವರ ಮಕ್ಕಳ ಜೊತೆ ಬಂದವ್ನೆ, ಮಾತಾಡಿಸಿ ಅವನ ಮಾನ ಕಳೆಯಬಾರದು ಅಂತ ಅವಳ ಲೆಕ್ಕ. ನನ್ನ ಲೆಕ್ಕ? ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದ ಮೊದಲನೆಯವನು ನಾನು. ಅವಮಾನದ ಮೇಲೆ ಪದ್ಯ ಬರೆದು ಸಭೆಯಲ್ಲಿ ಓದಿ ಚಪ್ಪಾಳೆ ಗಿಟ್ಟಿಸಿದವನು. ಚಿಕ್ಕವ್ವಾ ಅಂತ ಕೂಗಲು ಬಾಯಿ ಬರಲಿಲ್ಲ. ಗೆಳೆಯರು ಪಕ್ಕದಲ್ಲೇ ಇದ್ದರು.

ಆಮೇಲೆ ಸವಿಯುವ ಕೋಣೆ. ಬಿಳಿ ವೈನಿಗೊಂದು ಲೋಟ, ಕೆಂಪು ವೈನಿಗೊಂದು ಲೋಟ, ಒಂದರ ಲೋಟ ಇನ್ನೊಂದಕ್ಕೆ ಆಗದು. ಗೆಳೆಯರು ಬೆರಗಾದರು. ನನಗೆ ಬೆರಗಾಗಲಿಲ್ಲ. ನಾನು ಹೈಸ್ಕೂಲಿಗೆ ಹೋಗುವ ದಾರಿಯ ಹೋಟೆಲೊಂದರಲ್ಲೂ ಲೋಟ ಎರಡು ತರ ಇದ್ದವು. ನಮ್ಮವು ಹೊರಗೆ ಗೂಡಿನಲ್ಲಿ, ಕುಡಿದು ನಾವೇ ತೊಳೆದಿಡಬೇಕು. ಆಮೇಲೆ ಪೇಪರ್ ಲೋಟ ಬಂತು, ಹೋಟೆಲಿನವನ ಜಾತಿಯೂ ಉಳಿಯಿತು, ಹೆಸರೂ ಉಳಿಯಿತು.

ಲೋಟ ಅಲ್ಲಾಡಿಸಬೇಕು. ಮೂಸಬೇಕು. ಒಂದು ಗುಟುಕು ಬಾಯಲ್ಲಿ ಆಡಿಸಿ, ಪಕ್ಕದಲ್ಲಿಟ್ಟ ಬಕೆಟ್ಟಿಗೆ ಉಗುಳಬೇಕು! ನುಂಗಿದರೆ ನಾಲಿಗೆಯ ಸೂಕ್ಷ್ಮ ಕೆಡುತ್ತದಂತೆ. ಪೇಶ್ವೆಗಳ ಕಾಲದ ಪುಣೆಯಲ್ಲಿ ಅಸ್ಪೃಶ್ಯನ ಎಂಜಲು ನೆಲಕ್ಕೆ ಬೀಳಬಾರದೆಂದು ಅವನ ಕೊರಳಿಗೆ ಕುಡಿಕೆ ಕಟ್ಟಿಸುತ್ತಿದ್ದುದನ್ನು ಬಾಬಾಸಾಹೇಬರು 1936ರಲ್ಲಿ 'ಜಾತಿ ವಿನಾಶ'ದಲ್ಲಿ ಬರೆದರು. ನಮ್ಮ ಎಂಜಲಿಗೆ ನಮ್ಮ ಕೊರಳೇ ಆಗಬೇಕಿತ್ತು. ಇವರ ಎಂಜಲು ತುಂಬಿದ ಬಕೆಟ್ಟನ್ನು ಎತ್ತಿಕೊಂಡು ಹೊರಗೆ ಹೋದವಳು ಚಿಕ್ಕವ್ವನ ಜೊತೆಯವಳು.

ಈಗ ನಿಜವಾದ ಮಾತಿಗೆ ಬರೋಣ. ಸ್ವಾಮಿ, 2007ನೇ ಇಸವಿಯನ್ನು ನೆನೆಸಿಕೊಳ್ಳಿ. ಆ ವರ್ಷ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧ. ಅದೇ 2007ರ ಹೆಸರಿನಲ್ಲಿ ಇದೇ ರಾಜ್ಯ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ತಂದಿತು. ವೈನ್ ಬೆಳೆಸಲು ಒಂದು ಮಂಡಳಿಯೂ ಬಂತು, ಅದು ತೋಟಗಾರಿಕೆ ಇಲಾಖೆಯ ಮಡಿಲಿಗೆ ಬಿತ್ತು. ಬಡವ ಕುಡಿಯುವುದು ಪೊಲೀಸ್ ಠಾಣೆಗೆ ಸೇರಿತು, ಉಳ್ಳವನು ಕುಡಿಯುವುದು ಹೂವು ಹಣ್ಣಿನ ಜೊತೆ ಸೇರಿತು. ಒಂದರ ಹೆಸರು ಪಿಡುಗು, ಇನ್ನೊಂದರ ಹೆಸರು ಕೃಷಿ ಉತ್ಪನ್ನ. ಇದು ಮದ್ಯದ ಲೆಕ್ಕವೋ, ಜಾತಿಯ ಲೆಕ್ಕವೋ? ಸಂವಿಧಾನದ 47ನೇ ವಿಧಿ ಮತ್ತು ಬರಿಸುವ ಪಾನೀಯ ಅನ್ನುತ್ತದೆ. ಯಾವ ಲೋಟದಲ್ಲಿ ಅಂತ ಕೇಳುವುದಿಲ್ಲ.

ಹಾಗಾದರೆ ಸಾರಾಯಿ ಬೇಕೇನಯ್ಯಾ ನಿನಗೆ ಅಂತ ಕೇಳುವವರಿದ್ದೀರಿ. ಬೇಡ. ಸಾರಾಯಿ ನಮ್ಮ ಕೇರಿಯನ್ನು ತಿಂದದ್ದು ನನಗೆ ಯಾರೂ ಪಾಠ ಮಾಡಬೇಕಿಲ್ಲ. ಅಂಗಡಿ ಮುಚ್ಚಿಸಲು ಬೀದಿಗೆ ಬಂದವರು ನಮ್ಮ ಅವ್ವಂದಿರೇ. ಹೆಂಡ ಬೇಡ, ಭೂಮಿ ಕೊಡಿ, ವಸತಿ ಶಾಲೆ ಕೊಡಿ ಅಂತ ದಲಿತ ಸಂಘರ್ಷ ಸಮಿತಿ ಎಂಬತ್ತರ ದಶಕದಲ್ಲೇ ಕೇಳಿತ್ತು. ನಾವು ಕೇಳಿದ್ದು ಇದು. ಸಿಕ್ಕಿದ್ದೇನು? ಮರುವರ್ಷವೇ, 2008ರ ಮೇ ತಿಂಗಳಲ್ಲಿ, ಬೆಂಗಳೂರಿನ ಸುತ್ತಮುತ್ತ, ಗಡಿಯಾಚೆ ಕೃಷ್ಣಗಿರಿಯ ಕಡೆ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಬಡವರು ಸತ್ತರು. ನಮ್ಮೂರಿನಲ್ಲಿ ಸಾರಾಯಿ ಪ್ಯಾಕೆಟ್ಟಿನ ಜಾಗಕ್ಕೆ ಅಗ್ಗದ ವಿಸ್ಕಿಯ 90 ಎಂ.ಎಲ್. ಪೊಟ್ಟಣ ಬಂತು. ಮತ್ತು ಅದೇ, ದುಡ್ಡು ಹೆಚ್ಚು. ಅಪ್ಪ ಅದನ್ನೇ ಕುಡಿದು ಸತ್ತ. 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ ಸರ್ಕಾರ ಇಟ್ಟುಕೊಂಡ ಗುರಿ 40,000 ಕೋಟಿ ರೂಪಾಯಿ. ಇದರಲ್ಲಿ ಕ್ಯಾಬರ್ನೆ ಮೂಸಿ ಉಗುಳಿದವರ ಪಾಲೆಷ್ಟು, ಕೂಲಿ ಮುಗಿಸಿ ಪೊಟ್ಟಣ ಹರಿದವರ ಪಾಲೆಷ್ಟು, ನೀವೇ ಅಂದಾಜು ಮಾಡಿ.

ವೈನ್ ಎದೆಗೆ ಒಳ್ಳೆಯದು ಅನ್ನುತ್ತಾರೆ. ಯಾವ ಮದ್ಯವೂ, ಎಷ್ಟೇ ಕಡಿಮೆಯಾದರೂ, ಸುರಕ್ಷಿತ ಅನ್ನಲಾಗದು ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲೇ ಹೇಳಿಯಾಗಿದೆ. ಆ ಮಾತು ಬಿಡಿ.

ರೈತನಿಗೆ ಒಳ್ಳೆಯದು ಅನ್ನುವ ಮಾತಿದೆಯಲ್ಲ, ಅದನ್ನು ಸುಮ್ಮನೆ ಬಿಡುವಂತಿಲ್ಲ. ಯಾವ ರೈತ? 1974ರ ಭೂಸುಧಾರಣೆ ಉಳುವವನನ್ನು ಒಡೆಯನನ್ನಾಗಿ ಮಾಡಿತು, ಒಳ್ಳೆಯದೇ. ಆದರೆ ಗೇಣಿಯ ಚೀಟಿಯೂ ಇಲ್ಲದೆ ಬರೀ ಕೈ ಹೊತ್ತು ಹೋಗುತ್ತಿದ್ದ ಕೂಲಿಯವನು ಕೂಲಿಯವನಾಗಿಯೇ ಉಳಿದ. 2020ರಲ್ಲಿ ಅದೇ ಕಾಯ್ದೆಗೆ ತಿದ್ದುಪಡಿ ತಂದು, ಬೇಸಾಯ ಗೊತ್ತಿಲ್ಲದವನೂ ದುಡ್ಡಿದ್ದರೆ ಹೊಲ ಕೊಳ್ಳಬಹುದು ಅಂತ ಬಾಗಿಲು ತೆರೆದರು. ಕಾವೇರಿ, ಕಪಿಲೆ ಎರಡೂ ಕೂಡುವ ತಾಲೂಕು ನಮ್ಮ ಪಕ್ಕದ್ದು. ಮಾಧವಮಂತ್ರಿ ನಾಲೆಯ ನೀರು ತಲತಲಾಂತರದಿಂದ ಹರಿಯುತ್ತಿದೆ. ಆ ನೀರಿನಲ್ಲಿ ನಾಟಿ ಹಾಕಿದ ಹೆಂಗಸರಿಗೆ ಒಂದು ಮಡಿ ಗದ್ದೆ ಬರೆದುಕೊಡಲು ಕಾನೂನಿಗೆ ಕೈ ನಡುಗುತ್ತದೆ. ಬೆಂಗಳೂರಿನ ದುಡ್ಡಿಗೆ ನಡುಗುವುದಿಲ್ಲ.

ಅವತ್ತು ಸಂಜೆ ಚಿಕ್ಕವ್ವನ ಮನೆಗೆ ಹೋದೆ. ಒಲೆಯ ಮುಂದೆ ಕುಂತಿದ್ದಳು.

'ನೋಡ್ದಿ ಕನಾ ಮಗ. ನೀನೇ ನೋಡ್ನಿಲ್ಲ.'

'ನೋಡ್ದೆ ಚಿಕ್ಕವ್ವ.'

ಅವಳು ಮತ್ತೆ ಅದನ್ನು ಎತ್ತಲಿಲ್ಲ. 'ಎಂಗಿತ್ತು ಆ ರಸ? ನಮ್ಗೇನ್ ಕೊಟ್ಟಾರಾ ಅದಾ.'

'ಹುಳಿ. ಒಗರು.'

'ಅಷ್ಟೇಯಾ? ಅದ್ಕೇ ಅಷ್ಟೊಂದು ದುಡ್ಡು ಕೊಟ್ಟು ಬತ್ತರಾ?' ಅಂತ ನಕ್ಕಳು. ಪ್ರವಾಸದ ಟಿಕೇಟು ಅವಳ ಎರಡು ದಿನದ ಕೂಲಿಗಿಂತ ಹೆಚ್ಚು. ನಾನು ಹೇಳಲಿಲ್ಲ. 'ಬಿಸ್ಲೇರುದ್ರೆ ಅಣ್ಣು ಕೆಡ್ತದಂತೆ, ನಾಳಿಕೆ ಕೋಳಿ ಕೂಗಕ್ ಮುಂಚೇನೆ ಓಗ್ಬೇಕು' ಅಂತ ಎದ್ದು, ಟ್ರಂಕಿನಿಂದ ಪ್ಲಾಸ್ಟಿಕ್ ಕವರಿನಲ್ಲಿ ಮಡಿಚಿಟ್ಟ ಕಾಗದ ತಂದು ನನ್ನ ಕೈಗಿಟ್ಟಳು. ಊರಾಚೆಯ ದಿಣ್ಣೆಯಲ್ಲಿ ಅವಳೂ ಚಿಕ್ಕಪ್ಪನೂ ಕಲ್ಲು ಆರಿಸಿ ಹುರುಳಿ ಬಿತ್ತುತ್ತಾ ಬಂದ ತುಂಡು ಹೊಲಕ್ಕೆ ಹಾಕಿದ ಬಗರ್‌ಹುಕುಂ ಅರ್ಜಿ. ಫಾರಂ 57.

'ನೀನು ಓದ್ದವ್ನಲ್ವಾ, ಇದೇನಾಯ್ತು ಅಂತ ನೋಡಿ ಯೋಳು' ಅಂದಳು.

ದೀಪದ ಬೆಳಕಿಗೆ ಹಿಡಿದು ನೋಡಿದೆ. ಮೊಹರಿನ ಮೇಲೆ 2019ರ ತಾರೀಖು.