ಹಚ್ಚಿದ ದೀಪಕ್ಕೆ ಕಾವಲಿರಲಿ



ಕಾರ್ತಿಕದ ದೀಪಗಳಿಂದ ಮೊದಲ್ಗೊಂಡು ಕ್ರಿಸ್ಮಸ್, ಹೊಸ ವರ್ಷಗಳನ್ನು ದಾಟಿ ಮಕರ ಸಂಕ್ರಾಂತಿಯವರೆಗೆ ಈ ಮರಳುನಾಡಿನ ನಮ್ಮ ಮನೆಗಳಲ್ಲಿ ಬೆಳಕಿನ ಕಾಲ. ಬಾಲ್ಕನಿಗಳಲ್ಲಿ ಗೂಡುದೀಪ, ಮಂಗಳೂರು ಕಡೆಯ ಕ್ರೈಸ್ತ ಬಂಧುಗಳ ಮನೆಗಳಲ್ಲಿ ಗೋದಲಿ ಮತ್ತು ನಕ್ಷತ್ರ, ಅಡುಗೆಮನೆಗಳಲ್ಲಿ ಚಕ್ಕುಲಿ ಕರಿಯುವ ಬಾಣಲೆ. ಇಂಥ ಸಂಭ್ರಮದ ನಡುವೆ ಬೆಂಕಿಯ ಮಾತೆತ್ತುವುದು ಅಪಶಕುನವೆಂದು ಕೆಲವರಿಗೆ ತೋರಬಹುದು. ಆದರೂ ಆಡಲೇಬೇಕಾದ ಮಾತಿದು.

2015ರ ಡಿಸೆಂಬರ್ 31ರ ರಾತ್ರಿ, ದುಬೈ ಹೊಸ ವರ್ಷವನ್ನು ಎದುರುಗೊಳ್ಳುತ್ತಿದ್ದ ಹೊತ್ತಿನಲ್ಲಿ, ಬುರ್ಜ್ ಖಲೀಫಾದ ಸನಿಹದ 63 ಅಂತಸ್ತುಗಳ ಅಡ್ರೆಸ್ ಡೌನ್‌ಟೌನ್ ಗೋಪುರ ಹೊತ್ತಿ ಉರಿದುದನ್ನು ನಮ್ಮಲ್ಲಿ ಹಲವರು ಕಂಡಿದ್ದಾರೆ. ಒಂದು ದೀಪದ ತಂತಿಯಲ್ಲಾದ ಶಾರ್ಟ್ ಸರ್ಕ್ಯೂಟ್ ಅದಕ್ಕೆ ಕಾರಣವೆಂದು ದುಬೈ ಪೊಲೀಸರು ಆನಂತರ ತಿಳಿಸಿದರು. 2023ರ ಏಪ್ರಿಲ್ 15, ವಿಷುವಿನ ದಿನ, ನಮ್ಮ ತುಳುನಾಡಿಗೆ ಬಿಸು ಹಬ್ಬ. ಅಂದು ದೇರಾದ ಅಲ್ ರಾಸ್‌ನ ವಸತಿ ಕಟ್ಟಡವೊಂದರ ನಾಲ್ಕನೆಯ ಅಂತಸ್ತಿನಲ್ಲಿ ಎದ್ದ ಬೆಂಕಿ 16 ಮಂದಿಯನ್ನು ಬಲಿ ತೆಗೆದುಕೊಂಡಿತು. ಅವರಲ್ಲಿ ಭಾರತೀಯರೂ ಇದ್ದರು. ಕಟ್ಟಡದ ಸುರಕ್ಷತಾ ನಿಯಮಗಳನ್ನು ಪಾಲಿಸದಿದ್ದುದೇ ಕಾರಣವೆಂದು ಪ್ರಾಥಮಿಕ ತನಿಖೆ ಹೇಳಿತು.

ಊರಿನ ಮನೆಗಳಲ್ಲಿ ದೀಪಕ್ಕೆ ತಾನಾಗಿಯೇ ಕಾವಲಿತ್ತು. ತುಳಸಿಕಟ್ಟೆ ಅಂಗಳದಲ್ಲಿತ್ತು, ಹೆಂಚಿನ ಸಂದುಗಳಿಂದ ಹೊಗೆ ಹೊರಹೋಗುತ್ತಿತ್ತು, ಮನೆ ತುಂಬ ಜನರಿದ್ದರು. ಇಲ್ಲಿ ನಾವಿರುವುದು ಮುಚ್ಚಿದ ಕಿಟಕಿಗಳ, ಪರದೆಗಳ, ರತ್ನಗಂಬಳಿಗಳ ನಡುವೆ. ನಮ್ಮ ಗೋಡೆಯಾಚೆ ಇನ್ನೊಬ್ಬರ ಮಗು ಮಲಗಿದೆ. ಆದ್ದರಿಂದ ಅಂದು ಮನೆ ಮಾಡುತ್ತಿದ್ದ ಕಾವಲನ್ನು ಇಂದು ನಾವೇ ಮಾಡಬೇಕಾಗಿದೆ. ದೇವರ ಮುಂದಿನ ದೀಪವನ್ನು ಉರಿಯಬಿಟ್ಟು ಮಾಲ್‌ಗೆ ಹೊರಡುವುದು ಭಕ್ತಿಯಲ್ಲ. ದೀಪವನ್ನು 'ಆರಿಸು' ಎನ್ನದೆ 'ದೊಡ್ಡದು ಮಾಡು', 'ಶಾಂತ ಮಾಡು' ಎನ್ನುವ ರೂಢಿ ನಮ್ಮ ಹಿರಿಯರದು. ದೀಪವನ್ನು ಆರಿಸಬೇಕಾದ ಸಂದರ್ಭ ಬರುತ್ತದೆಂದು ತಿಳಿದೇ ಅವರು ಅದಕ್ಕೊಂದು ಮಂಗಳಕರವಾದ ಮಾತನ್ನು ಉಳಿಸಿಹೋಗಿದ್ದಾರೆ.

ಇನ್ನೊಂದು ಅಭ್ಯಾಸದ ಬಗ್ಗೆ ನಿಷ್ಠುರವಾಗಿಯೇ ಹೇಳಬೇಕು. ಹೋಮದ ಹೊಗೆಗೋ ಒಗ್ಗರಣೆಯ ಘಾಟಿಗೋ ಅಲಾರಂ ಬಡಿದುಕೊಳ್ಳುತ್ತದೆಂದು ಚಾವಣಿಯ ಹೊಗೆ ಸೂಚಕಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟುವವರಿದ್ದಾರೆ. ಪೂಜೆ ಮುಗಿದ ಮೇಲೂ ಆ ಚೀಲ ತಿಂಗಳುಗಟ್ಟಲೆ ಅಲ್ಲಿಯೇ ಉಳಿಯುತ್ತದೆ. 2018ರ ಜನವರಿಯಲ್ಲಿ ಫುಜೈರಾದ ಮನೆಯೊಂದರಲ್ಲಿ ನಿದ್ದೆಯಲ್ಲಿದ್ದ ಏಳು ಮಂದಿ ಒಡಹುಟ್ಟಿದವರು ಹೊಗೆಯಿಂದ ಉಸಿರುಕಟ್ಟಿ ತೀರಿಕೊಂಡರು. ಮಲಗಿದವರನ್ನು ಹೊಗೆ ಎಬ್ಬಿಸುವುದಿಲ್ಲ. ಎಬ್ಬಿಸುವುದು ಆ ಪುಟ್ಟ ಯಂತ್ರದ ಕೂಗು. ಇಂದು ಈ ದೇಶದಲ್ಲಿ ವಿಲ್ಲಾಗಳಿಗೂ ಅದು ಕಡ್ಡಾಯ. 'ಹಸ್ಸನ್ತುಕ್' ವ್ಯವಸ್ಥೆಯ ಮೂಲಕ ಎಚ್ಚರಿಕೆ ನೇರವಾಗಿ ನಾಗರಿಕ ರಕ್ಷಣಾ ಪಡೆಯನ್ನು ಮುಟ್ಟುತ್ತದೆ. ಸರ್ಕಾರ ಕೊಡಿಸಿದ ಆ ದನಿಯ ಬಾಯಿಯನ್ನು ನಾವೇ ಕಟ್ಟುವುದು ಯಾವ ಜಾಣತನ? ಹೋಮ ಮಾಡಲೇಬೇಕಿದ್ದರೆ ಕಟ್ಟಡದ ನಿರ್ವಾಹಕರನ್ನು ಕೇಳಿ, ಅವರು ಒಪ್ಪುವ ತೆರೆದ ಜಾಗದಲ್ಲಿ ಮಾಡೋಣ.

ಅಡುಗೆಮನೆಯಲ್ಲಿ ಕರಿಯುವಾಗ ದೂರವಾಣಿ ಕರೆ ಬಂದರೆ ಮೊದಲು ಒಲೆ ಆರಲಿ. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಲೇಬಾರದು. ನೀರು ಥಟ್ಟನೆ ಆವಿಯಾಗಿ ಉರಿಯುವ ಎಣ್ಣೆಯನ್ನು ಚಾವಣಿಯವರೆಗೆ ಎರಚುತ್ತದೆ. ಒಲೆಯ ಗುಂಡಿ ಕೈಗೆ ಸಿಗುವಂತಿದ್ದರೆ ಆರಿಸಿ, ಅಗಲವಾದ ಮುಚ್ಚಳವನ್ನು ಮೆಲ್ಲನೆ ಮುಚ್ಚಿ, ತಣಿಯುವವರೆಗೆ ತೆರೆಯದಿರಬೇಕು. ಊರಿನಿಂದ ತಂದ ಸರದೀಪದ ಎರಡು ಕಡ್ಡಿಯ ಪ್ಲಗ್ಗನ್ನು ಇಲ್ಲಿನ ಮೂರು ಕಡ್ಡಿಯ ಸಾಕೆಟ್ಟಿಗೆ ತುರುಕುವುದು, ಒಂದು ಎಕ್ಸ್‌ಟೆನ್ಷನ್ ಬೋರ್ಡಿಗೆ ಇನ್ನೊಂದನ್ನು ಜೋಡಿಸುವುದು, ಮಲಗುವಾಗ ಅಲಂಕಾರದ ದೀಪಗಳನ್ನು ಉರಿಯಬಿಡುವುದು, ಇವು ಮೂರೂ ನಿಲ್ಲಲಿ. ಮರುಭೂಮಿಯ ಶಿಬಿರದಲ್ಲಿ ಉಳಿದ ಕೆಂಡವನ್ನು ಅಗ್ಗಿಷ್ಟಿಕೆಯಂತೆ ಡೇರೆಯೊಳಗೋ ಕೋಣೆಯೊಳಗೋ ಇಟ್ಟುಕೊಳ್ಳುವುದು ಪ್ರಾಣಕ್ಕೇ ಸಂಚಕಾರ. ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ.

ನಮ್ಮ ಸಂಘದ ಮುಂದೆ ಎರಡು ಸಲಹೆಗಳನ್ನು ಇಡಬಯಸುತ್ತೇವೆ. ಪ್ರತಿ ಕಾರ್ಯಕ್ರಮದ ಪ್ರಾರ್ಥನೆಗೆ ಮುನ್ನ ಸಭಾಂಗಣದ ತುರ್ತು ಬಾಗಿಲುಗಳನ್ನು ಸಭಿಕರಿಗೆ ತೋರಿಸೋಣ. ಚಳಿಗಾಲದ ರಜೆಗೆ ಊರಿಗೆ ಹೊರಡುವ ಕುಟುಂಬಗಳು ಗ್ಯಾಸ್ ಮತ್ತು ಸ್ವಿಚ್ಚುಗಳನ್ನು ಬಂದ್ ಮಾಡಿ, ನಂಬಿಕೆಯ ನೆರೆಯವರೊಬ್ಬರಿಗೆ ಬೀಗದ ಕೈ ಒಪ್ಪಿಸಿ ಹೋಗುವ ಪದ್ಧತಿಯನ್ನು ಬೆಳೆಸೋಣ. ಒಂದೇ ಕೋಣೆಯಲ್ಲಿ ಹಲವರು ಹಂಚಿಕೊಂಡು ಬದುಕುವ ನಮ್ಮ ದುಡಿಯುವ ತಮ್ಮಂದಿರಿಗೂ ಈ ಮಾತು ತಲುಪಬೇಕು. ಅಪಾಯ ಅವರಿಗೇ ಹೆಚ್ಚು, ತಿಳಿಸುವವರು ಅವರಿಗೇ ಕಡಿಮೆ.

ಬೆಂಕಿ ಕಂಡಾಗ ಸಾಮಾನು ಹುಡುಕದೆ, ಮನೆಯವರನ್ನೆಲ್ಲ ಹೊರಡಿಸಿ, ಬಾಗಿಲು ಮುಚ್ಚಿಕೊಂಡು ಮೆಟ್ಟಿಲಿನಿಂದಲೇ ಇಳಿಯಿರಿ, ಲಿಫ್ಟ್ ಬೇಡ. ಕರೆಯಬೇಕಾದ ಸಂಖ್ಯೆ 997. ಇಂದು ಸಂಜೆಯೇ ಮಕ್ಕಳಿಗೆ ಈ ಮೂರು ಅಂಕೆಗಳನ್ನು ಬಾಯಿಪಾಠ ಮಾಡಿಸಿ, ಅವರ ಕೈ ಹಿಡಿದು ಒಮ್ಮೆ ಮೆಟ್ಟಿಲಿಳಿದು ಬನ್ನಿ. ಹಾದಿಯಲ್ಲಿ ಯಾರದೋ ಸೈಕಲ್ಲು, ಚಪ್ಪಲಿ ಗೂಡು ಅಡ್ಡವಿದ್ದರೆ ಪಕ್ಕದ ಮನೆಯವರಿಗೆ ನಯವಾಗಿ ತಿಳಿಸಿ. ಅದು ನಮ್ಮದೇ ಆಗಿದ್ದರೆ ಕೂಡಲೇ ತೆಗೆಯೋಣ.

ಸರ್ವರಿಗೂ ಹಬ್ಬಗಳ ಶುಭಾಶಯಗಳು.