ಟ್ರಾಪಿಕಾನಾ: ಕದ್ದ ಲಾಭದಿಂದ ಸರ್ಕಾರಿ ನೆರವಿನವರೆಗೆ

ಅಮೆರಿಕದ ಲಾಸ್ ವೇಗಾಸ್‌ನಲ್ಲಿ 2024ರ ಅಕ್ಟೋಬರ್ 9ರ ನಸುಕಿನಲ್ಲಿ ಟ್ರಾಪಿಕಾನಾ ಹೋಟೆಲಿನ ಎರಡು ಗೋಪುರಗಳು ಸಿಡಿಮದ್ದಿಗೆ ಉರುಳಿದವು. ಅದಕ್ಕೂ ಮುನ್ನ ಬಾಣಬಿರುಸು ಹಾಗೂ ಡ್ರೋನ್‌ಗಳ ಪ್ರದರ್ಶನ ನಡೆಯಿತು. ಕ್ಯಾಸಿನೊಗಳ ಅಂತ್ಯವನ್ನೂ ಉತ್ಸವವಾಗಿಸುವುದು ಆ ನಗರಕ್ಕೆ ಹೊಸತೇನಲ್ಲ. 1993ರಲ್ಲಿ ಡ್ಯೂನ್ಸ್, 1996ರಲ್ಲಿ ಸ್ಯಾಂಡ್ಸ್, 2007ರಲ್ಲಿ ಸ್ಟಾರ್‌ಡಸ್ಟ್ ಹೀಗೆಯೇ ನೆಲ ಕಂಡಿದ್ದವು. ಆದರೆ ಟ್ರಾಪಿಕಾನಾದ ನೆಲದಲ್ಲಿ ಈಗ ಏಳುತ್ತಿರುವುದು ಬೇಸ್‌ಬಾಲ್ ಕ್ರೀಡಾಂಗಣ. ಅದಕ್ಕೆ ನೆವಾಡಾ ರಾಜ್ಯದ ಬೊಕ್ಕಸವೂ ಕೈಜೋಡಿಸಿದೆ ಎಂಬುದೇ ಇಲ್ಲಿನ ವಿಶೇಷ.

ಸುಮಾರು 1.5 ಕೋಟಿ ಡಾಲರ್ ವೆಚ್ಚದಲ್ಲಿ ನಿರ್ಮಾಣಗೊಂಡ ಈ ಹೋಟೆಲ್ 1957ರ ಏಪ್ರಿಲ್ 4ರಂದು ಬಾಗಿಲು ತೆರೆಯಿತು. ನ್ಯೂಯಾರ್ಕ್‌ನ ಸುಪ್ರಸಿದ್ಧ ಆಭರಣ ಮಳಿಗೆಗೆ ಹೋಲಿಸಿ ಜನ ಇದನ್ನು 'ಸ್ಟ್ರಿಪ್‌ನ ಟಿಫನಿ' ಎಂದು ಕರೆದರು. ಕ್ಯಾಸಿನೊಗಳು ಸಾಲುಗಟ್ಟಿರುವ ರಸ್ತೆಗೆ ಸ್ಟ್ರಿಪ್ ಎಂದು ಹೆಸರು. ಟಿಫನಿಯ ಹೊಳಪಿಗೆ ಮಸಿ ಬಳಿಯಲು ಒಂದು ತಿಂಗಳೂ ಬೇಕಾಗಲಿಲ್ಲ. ಅದೇ ಮೇ 2ರಂದು ನ್ಯೂಯಾರ್ಕ್‌ನಲ್ಲಿ ಮಾಫಿಯಾ ನಾಯಕ ಫ್ರಾಂಕ್ ಕಾಸ್ಟೆಲೊ ಮೇಲೆ ಗುಂಡಿನ ದಾಳಿಯಾಯಿತು. ಆತ ಬದುಕುಳಿದ. ಆದರೆ ಜೇಬಿನಲ್ಲಿದ್ದ ಚೀಟಿ ಪೊಲೀಸರ ಕೈಸೇರಿತು. ಏಪ್ರಿಲ್ 27ರವರೆಗಿನ ಕ್ಯಾಸಿನೊ ಗಳಿಕೆ 6,51,284 ಡಾಲರ್ ಎಂದು ಅದರಲ್ಲಿ ಬರೆದಿತ್ತು. ಆ ಅಂಕಿ ಟ್ರಾಪಿಕಾನಾದ ಲೆಕ್ಕಪುಸ್ತಕಕ್ಕೆ ತಾಳೆಯಾಯಿತು! ಕಾಸ್ಟೆಲೊನ ಸಹಚರ ಫಿಲ್ ಕ್ಯಾಸ್ಟೆಲ್ ಹೋಟೆಲಿನಿಂದ ಹೊರಹೋಗಬೇಕಾಯಿತು.

ಇಷ್ಟಾದರೂ ವ್ಯಾಪಾರ ಕುಗ್ಗಲಿಲ್ಲ. ಪ್ಯಾರಿಸ್‌ನಿಂದ ತಂದ 'ಫೋಲಿ ಬರ್ಜೆರ್' ನೃತ್ಯ ಪ್ರದರ್ಶನ 1959ರಿಂದ 2009ರವರೆಗೆ ಅರ್ಧ ಶತಮಾನ ನಡೆಯಿತು. ವಿಪರ್ಯಾಸವೆಂದರೆ, ಎರಡನೆಯ ಕಳವಿಗೂ ಇದೇ ರಂಗಮಂದಿರ ದಾರಿಯಾಯಿತು. ಈ ಪ್ರದರ್ಶನದ ನಿರ್ವಹಣೆಯ ನೆಪದಲ್ಲಿ ಒಳಬಂದ ಜೋ ಅಗಸ್ಟೊ, ಕಾನ್ಸಾಸ್ ಸಿಟಿಯ ನಿಕ್ ಸಿವೆಲ್ಲಾ ತಂಡದ ಮನುಷ್ಯ. ಲೆಕ್ಕಕ್ಕೆ ಸೇರುವ ಮುನ್ನವೇ ತೆಗೆದ ನಗದು ವಿಮಾನವೇರಿ ಕಾನ್ಸಾಸ್ ಸಿಟಿ ಸೇರುತ್ತಿತ್ತು. ಕದ್ದಾಲಿಕೆ ನಡೆಸುತ್ತಿದ್ದ ಎಫ್‌ಬಿಐ 1979ರ ಫೆಬ್ರುವರಿಯಲ್ಲಿ ಹಣ ಸಾಗಿಸುವವನಿಂದ ಸುಮಾರು 80 ಸಾವಿರ ಡಾಲರ್ ವಶಪಡಿಸಿಕೊಂಡಿತು. ಹೀಗೆ ಸೋರಿದ್ದು ಮಾಲೀಕರ ಲಾಭವಷ್ಟೇ ಅಲ್ಲ, ರಾಜ್ಯದ ತೆರಿಗೆಯೂ ಹೌದು.

ಅಂತಿಮವಾಗಿ ಹೋಟೆಲನ್ನು ಮುಗಿಸಿದ್ದು ಮಾಫಿಯಾ ಅಲ್ಲ, ನೆರೆಹೊರೆ. 1990ರಲ್ಲಿ ಎಕ್ಸ್‌ಕ್ಯಾಲಿಬರ್, 1993ರಲ್ಲಿ ಐದು ಸಾವಿರ ಕೊಠಡಿಗಳ ಎಂಜಿಎಂ ಗ್ರ್ಯಾಂಡ್, 1997ರಲ್ಲಿ ನ್ಯೂಯಾರ್ಕ್-ನ್ಯೂಯಾರ್ಕ್ ಅದೇ ವೃತ್ತದಲ್ಲಿ ತಲೆ ಎತ್ತಿದವು. ಟ್ರಾಪಿಕಾನಾ ಹಳೆಯದಾಯಿತು, ಅದರ ನೆಲ ದುಬಾರಿಯಾಯಿತು. 2008ರಲ್ಲಿ ಮಾಲೀಕ ಸಂಸ್ಥೆ ದಿವಾಳಿ ಅರ್ಜಿ ಸಲ್ಲಿಸಿತು. ಆನಂತರ ಮಾಲೀಕರು ಬದಲಾಗುತ್ತಲೇ ಹೋದರು. ಕೊನೆಗೆ ಭೂಮಿ ಒಂದು ಸಂಸ್ಥೆಯದು, ಕ್ಯಾಸಿನೊ ನಡೆಸುವುದು ಇನ್ನೊಂದು ಎಂಬ ಸ್ಥಿತಿ. ಹೋಟೆಲ್ ಉಳಿಯಬೇಕೆಂಬ ಹಂಬಲ ಇಬ್ಬರಿಗೂ ಇರಲು ಕಾರಣವಿರಲಿಲ್ಲ.

ಓಕ್‌ಲ್ಯಾಂಡ್ ತೊರೆಯಲು ಹೊರಟಿದ್ದ 'ಎ'ಸ್' ತಂಡಕ್ಕಾಗಿ 2023ರ ಜೂನ್‌ನಲ್ಲಿ ನೆವಾಡಾ ಶಾಸನಸಭೆ ವಿಶೇಷ ಅಧಿವೇಶನ ನಡೆಸಿತು. ತೆರಿಗೆ ರಿಯಾಯಿತಿ, ಕೌಂಟಿ ಬಾಂಡ್ ಮುಂತಾದ ರೂಪದಲ್ಲಿ ಗರಿಷ್ಠ 38 ಕೋಟಿ ಡಾಲರ್ ಒದಗಿಸಲು ಒಪ್ಪಿಗೆ ದೊರೆಯಿತು. ಉದ್ಯೋಗ, ಪ್ರವಾಸೋದ್ಯಮ ಬೆಳೆಯುತ್ತವೆ ಎಂಬುದು ಬೆಂಬಲಿಗರ ವಾದ. ಶಾಲೆಗಳಿಗೆ ಬೇಕಾದ ಹಣ ಮೈದಾನಕ್ಕೇಕೆ ಎಂಬುದು ಶಿಕ್ಷಕರ ಸಂಘದ ಪ್ರಶ್ನೆ. ಈ ಪ್ರಶ್ನೆಯನ್ನು ಮತದಾರರ ಮುಂದಿಡಲು ಸಂಘವು ಯತ್ನಿಸಿತು. ಅರ್ಜಿಯ ವಾಕ್ಯರಚನೆಯಲ್ಲಿ ದೋಷವಿದೆಯೆಂದು ರಾಜ್ಯದ ಸುಪ್ರೀಂ ಕೋರ್ಟ್ 2024ರ ಮೇ ತಿಂಗಳಲ್ಲಿ ಅದನ್ನು ತಳ್ಳಿಹಾಕಿತು. ಕಾಸ್ಟೆಲೊನ ಚೀಟಿಯ ಕಾಲದಲ್ಲಿ ಹಣ ಗುಟ್ಟಾಗಿ ಹರಿಯುತ್ತಿತ್ತು. ಈಗಿನದು ಕಾನೂನುಬದ್ಧ, ಬಹಿರಂಗ. ಆದರೂ ತೆರಿಗೆದಾರನ ಅಭಿಪ್ರಾಯ ಕೇಳುವ ಪ್ರಮೇಯ ಎರಡೂ ಕಾಲದಲ್ಲಿ ಒದಗಲಿಲ್ಲ.

ಹೋಟೆಲ್ 2024ರ ಏಪ್ರಿಲ್ 2ರಂದು ಮುಚ್ಚಿತು. 67 ವರ್ಷ ತುಂಬಲು ಎರಡೇ ದಿನ ಬಾಕಿಯಿತ್ತು. ಸುಮಾರು 700 ಮಂದಿ ಕೆಲಸ ಕಳೆದುಕೊಂಡರು, ಕಾರ್ಮಿಕ ಸಂಘಟನೆಯ ಸದಸ್ಯರಿಗೆ ಪರಿಹಾರಧನ ಸಿಕ್ಕಿತು. 2025ರ ಜೂನ್‌ನಲ್ಲಿ ಕ್ರೀಡಾಂಗಣಕ್ಕೆ ಭೂಮಿಪೂಜೆಯ ಮಾದರಿಯ ಸಮಾರಂಭವೂ ನಡೆಯಿತು. ಮೊದಲು 150 ಕೋಟಿ ಡಾಲರ್ ಎನ್ನಲಾಗಿದ್ದ ಅಂದಾಜು ವೆಚ್ಚ ಅಷ್ಟರಲ್ಲಿ 200 ಕೋಟಿಯ ಸುತ್ತ ಬಂದು ನಿಂತಿತ್ತು.